ಬೆಂಗಳೂರಿನ ರಸ್ತೆಯಲ್ಲಿ ಲೇನ್ ಗುರುತಿಸುವ ಪ್ರಾಜೆಕ್ಟ್ ಕೈಕೊಟ್ಟಿದೆ, ಬೇರೆ ಏನು ಮಾಡಬಹುದು?

ಕೊನೆಯ_ಸೆಮಿಸ್ಟರ್ ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾನು ಎಲೆಕ್ಟ್ರಾನಿಕ್ಸ್ ವಿಭಾಗದ ಅಂತಿಮ ವರ್ಷದ ವಿದ್ಯಾರ್ಥಿ. ನಾಲ್ವರು ಸೇರಿ ಮಾಡುತ್ತಿರುವ ಪ್ರಾಜೆಕ್ಟಿಗೆ ‘ಬೆಂಗಳೂರಿಗೆ ಚಾಲಕರಹಿತ ಕಾರು’ ಎಂಬ ದೊಡ್ಡ ಹೆಸರಿಟ್ಟು ಒಪ್ಪಿಗೆಯನ್ನೂ ಪಡೆದಿದ್ದೇವೆ. ನಮ್ಮ ಬಳಿ ಇರುವುದು ಗೆಳೆಯನ ತಂದೆಯ ಕಾರಿನ ಗಾಜಿಗೆ ಅಂಟಿಸಿದ ಒಂದು ಕ್ಯಾಮೆರಾ ಮತ್ತು ಒಂದು ಲ್ಯಾಪ್‌ಟಾಪ್ ಮಾತ್ರ.

ಲೇನ್ ಗುರುತಿಸುವ ಉಚಿತ ತಂತ್ರಾಂಶವೊಂದನ್ನು ಊರ ಹೊರವಲಯದ ಟೋಲ್ ಹೆದ್ದಾರಿಯಾದ ನೈಸ್ ರಸ್ತೆಯ ವಿಡಿಯೊ ಮೇಲೆ ಓಡಿಸಿದೆವು, ಅಚ್ಚುಕಟ್ಟಾಗಿ ನಡೆಯಿತು. ಅದನ್ನೇ ಕತ್ರಿಗುಪ್ಪೆಯಿಂದ ಬನಶಂಕರಿ ಬಸ್ ನಿಲ್ದಾಣದವರೆಗಿನ ವಿಡಿಯೊಗೆ ಹಾಕಿದರೆ, ಚರಂಡಿ ಚಪ್ಪಡಿಯ ಅಂಚು, ಕೇಬಲ್‌ಗಾಗಿ ಅಗೆದು ಮುಚ್ಚಿದ ಪಟ್ಟಿ, ಲಾರಿಯ ಹಿಂದೆ ತೂಗಾಡುವ ಹಗ್ಗ, ಎಲ್ಲವನ್ನೂ ಲೇನ್ ಎನ್ನುತ್ತಿದೆ. ನಮ್ಮ ಗೈಡ್ ‘ಇನ್ನಷ್ಟು ಡೇಟಾ ಕೊಡಿ’ ಎನ್ನುತ್ತಾರೆ. ನಮ್ಮ ಊರಿನ ರಸ್ತೆಗಳ ಲೇಬಲ್ ಮಾಡಿದ ಚಿತ್ರಗಳು ಎಲ್ಲಿ ಸಿಗುತ್ತವೆ? ಲೇನ್ ಗೊಡವೆಯನ್ನೇ ಬಿಟ್ಟರೆ ನಾಲ್ಕು ತಿಂಗಳಲ್ಲಿ ಮುಗಿಯುವಂಥ ಕೆಲಸ ಯಾವುದಿದೆ?

‘ಮೊದಲು ರಸ್ತೆ ಸರಿಮಾಡಲಿ’ ಎಂಬ ಉತ್ತರ ದಯವಿಟ್ಟು ಬೇಡ. ಅದನ್ನು ಮನೆಯಲ್ಲಿ ದಿನವೂ ಕೇಳುತ್ತಿದ್ದೇನೆ.

ಹೊಸಕೆರೆಹಳ್ಳಿ_ರಾಯರು:

ಬೇಡ ಎಂದರೂ ಹೇಳುತ್ತೇನೆ, ಮೊದಲು ಗುಂಡಿ ಮುಚ್ಚಲಿ. ಕೇಂದ್ರ ಸಾರಿಗೆ ಸಚಿವ ಗಡ್ಕರಿಯವರು ಚಾಲಕರ ಕೆಲಸ ಹೋಗುತ್ತದೆ, ಇಂಥ ಕಾರುಗಳನ್ನು ಬಿಡುವುದಿಲ್ಲ ಎಂದು 2017ರಲ್ಲೇ ಹೇಳಿದ್ದರು, 2023ರಲ್ಲಿ ಮತ್ತೆ ಹೇಳಿದರು. ಓಡಿಸಲು ಬಿಡದ ಕಾರಿಗೆ ಪ್ರಾಜೆಕ್ಟ್ ಏಕೆ?

ಗೆರೆ_ಎಳೆಯುವವಳು:

ರಾಯರೇ, ಮಾರಾಟ ಬೇರೆ, ಸಂಶೋಧನೆ ಬೇರೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ 2ಬಿ ಸೆಕ್ಷನ್, ಹೊಸ ಬಗೆಯ ವಾಹನಗಳ ಸಂಶೋಧನೆಗಾಗಿ ವಿನಾಯಿತಿ ಕೊಡಲು ಕೇಂದ್ರಕ್ಕೆ ಅಧಿಕಾರ ನೀಡುತ್ತದೆ. 2025ರ ಅಕ್ಟೋಬರ್‌ನಲ್ಲಿ ವಿಪ್ರೊ, ಐಐಎಸ್‌ಸಿ ಮತ್ತು ಆರ್.ವಿ. ಎಂಜಿನಿಯರಿಂಗ್ ಕಾಲೇಜಿನವರು ಸೇರಿ ತಯಾರಿಸಿದ ಚಾಲಕರಹಿತ ಕಾರನ್ನು ಕಾಲೇಜಿನ ಆವರಣದಲ್ಲಿ ತೋರಿಸಿದ್ದು ನಿಮ್ಮ ಮನೆಯಿಂದ ಅಷ್ಟೇನೂ ದೂರವಲ್ಲ.

ಇನ್ನು ಪ್ರಶ್ನೆ ಕೇಳಿದ ತಮ್ಮನಿಗೆ. ನಾನು ಎಂಜಿನಿಯರ್ ಅಲ್ಲ. ರಸ್ತೆಯ ಚಿತ್ರಗಳಲ್ಲಿ ಪ್ರತಿಯೊಂದು ವಸ್ತುವಿನ ಸುತ್ತ ಗೆರೆ ಎಳೆದು ‘ಇದು ಕಾರು, ಇದು ಮನುಷ್ಯ’ ಎಂದು ಬರೆಯುವ ಕೆಲಸದಲ್ಲಿ ಬಹಳ ವರ್ಷ ಇದ್ದೆ. ಕಂಪನಿಯ ಹೆಸರು ಬೇಡ. ಗ್ರಾಹಕರೆಲ್ಲ ಹೊರದೇಶದವರು, ಚಿತ್ರಗಳಲ್ಲಿ ಕೆಲವು ನಮ್ಮ ಊರಿನವು.

ನಿಮಗೆ ಬೇಕಾದ್ದು ‘ಇಂಡಿಯಾ ಡ್ರೈವಿಂಗ್ ಡೇಟಾಸೆಟ್’. ಹೈದರಾಬಾದಿನ ಐಐಐಟಿ ಮತ್ತು ಇಂಟೆಲ್ ಸೇರಿ ಮಾಡಿದ್ದು. ಹೈದರಾಬಾದ್, ಬೆಂಗಳೂರು ಮತ್ತು ಹೊರವಲಯಗಳಲ್ಲಿ 182 ಸುತ್ತು ಕಾರು ಓಡಿಸಿ ತೆಗೆದ 10 ಸಾವಿರದಷ್ಟು ಚಿತ್ರಗಳು, 34 ವರ್ಗಗಳು. ಹೆಸರು ನೋಂದಾಯಿಸಿ ಇಳಿಸಿಕೊಳ್ಳಬಹುದು. ಅದಕ್ಕೂ ಮೊದಲು ಎಲ್ಲರೂ ಬಳಸುತ್ತಿದ್ದುದು ಜರ್ಮನಿ ಮತ್ತು ಅದರ ಆಸುಪಾಸಿನ 50 ನಗರಗಳಲ್ಲಿ ತೆಗೆದ ‘ಸಿಟಿಸ್ಕೇಪ್ಸ್’. ಅದರಲ್ಲಿ ಆಟೊ ಎಂಬ ವರ್ಗವೇ ಇಲ್ಲ. ನಮ್ಮದರಲ್ಲಿ ಆಟೊ ಇದೆ, ಪ್ರಾಣಿ ಇದೆ, ಎಲ್ಲಕ್ಕಿಂತ ಮುಖ್ಯವಾಗಿ ರಸ್ತೆಯಲ್ಲದಿದ್ದರೂ ಅನಿವಾರ್ಯವಾದರೆ ಚಕ್ರ ಇಳಿಸಬಹುದಾದ ಪಕ್ಕದ ಮಣ್ಣುನೆಲಕ್ಕೆ ಪ್ರತ್ಯೇಕ ವರ್ಗವಿದೆ. ಕತ್ರಿಗುಪ್ಪೆಯಲ್ಲಿ ನಿಮ್ಮ ತಂತ್ರಾಂಶ ತಿಣುಕುವುದು ಅಲ್ಲಿಯೇ. ಅದು ಗೆರೆ ಹುಡುಕುತ್ತಿದೆ, ಓಡಿಸುವವರು ಜಾಗ ಹುಡುಕುತ್ತಾರೆ.

ಇನ್ನೊಂದು, ಐಐಎಸ್‌ಸಿಯವರು 2025ರಲ್ಲಿ ಬಿಟ್ಟ ‘ಯುವಿಎಚ್-26’. ಬೆಂಗಳೂರಿನ ಸೇಫ್ ಸಿಟಿ ಕ್ಯಾಮೆರಾಗಳ 26 ಸಾವಿರಕ್ಕೂ ಹೆಚ್ಚು ಚಿತ್ರಗಳು, 14 ಬಗೆಯ ವಾಹನಗಳು. ಆದರೆ ಅವು ಕಂಬದ ಮೇಲಿಂದ ತೆಗೆದವು. ವಾಹನ ಎಣಿಸಲು ಚೆನ್ನ, ನಿಮ್ಮ ಗಾಜಿನ ಎತ್ತರಕ್ಕೆ ಹೊಂದುವುದಿಲ್ಲ.

ಆದರೆ ‘ಇನ್ನಷ್ಟು ಡೇಟಾ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಡಿ.ವಿ.ಜಿ. ರಸ್ತೆಯ ಒಂದು ಚಿತ್ರ ಈಗಲೂ ನೆನಪಿದೆ. ಪೆಟ್ರೋಲ್ ಮುಗಿದ ಮೊಪೆಡ್ಡನ್ನು ಒಬ್ಬಾತ ತಳ್ಳುತ್ತಿದ್ದಾನೆ, ಸೀಟಿನ ಮೇಲೆ ಸೇವಂತಿಗೆಯ ಬುಟ್ಟಿ, ಬುಟ್ಟಿಗೆ ಆತುಕೊಂಡು ನಡೆಯುತ್ತಿರುವ ಹೆಂಗಸು. ಗ್ರಾಹಕರ ನಿಯಮ ಪುಸ್ತಕದ ಪ್ರಕಾರ ವಾಹನದ ಮೇಲೆ ಕುಳಿತವರು ಸವಾರರು, ಕುಳಿತಿಲ್ಲದವರು ಪಾದಚಾರಿಗಳು. ಸರಿ, ಇಬ್ಬರು ಪಾದಚಾರಿಗಳು, ಒಂದು ಮೊಪೆಡ್. ಬುಟ್ಟಿ? ಅದಕ್ಕೆ ವರ್ಗವಿಲ್ಲ. ಮಧ್ಯಾಹ್ನವೆಲ್ಲ ಪತ್ರ ವ್ಯವಹಾರ ನಡೆದು, ಕೊನೆಗೆ ಬುಟ್ಟಿ ವಾಹನದ ಭಾಗವಾಯಿತು. ಆ ಮೂವರೂ, ಬುಟ್ಟಿಯನ್ನೂ ಸೇರಿಸಿ ಹೇಳುತ್ತಿದ್ದೇನೆ, ಒಟ್ಟಿಗೆ ಎಡಕ್ಕೆ ತಿರುಗಲಿದ್ದಾರೆ ಎಂಬುದು ನನಗೆ ನೋಡಿದೊಡನೆ ತಿಳಿದಿತ್ತು. ಅದನ್ನು ಬರೆಯಲು ಜಾಗವೇ ಇರಲಿಲ್ಲ.

ಇದು ತಮಾಷೆಯ ವಿಷಯವಲ್ಲ. 2018ರ ಮಾರ್ಚ್‌ನಲ್ಲಿ ಅಮೆರಿಕದ ಅರಿಜೋನಾದ ಟೆಂಪಿಯಲ್ಲಿ ಪರೀಕ್ಷಾರ್ಥ ಓಡುತ್ತಿದ್ದ ಕಾರೊಂದು, ರಾತ್ರಿ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಗುದ್ದಿ ಆಕೆ ಸತ್ತರು. ತನಿಖಾ ವರದಿ ಓದಿ. ಗುದ್ದುವುದಕ್ಕೆ 5.6 ಸೆಕೆಂಡ್ ಮೊದಲೇ ಯಂತ್ರ ಆಕೆಯನ್ನು ಕಂಡಿತ್ತು. ಒಮ್ಮೆ ವಾಹನ ಎಂದಿತು, ಒಮ್ಮೆ ಬೇರೇನೋ ಎಂದಿತು, ಒಮ್ಮೆ ಸೈಕಲ್ ಎಂದಿತು. ಹೆಸರು ಬದಲಾದಾಗಲೆಲ್ಲ ಆಕೆ ಅದುವರೆಗೆ ಎತ್ತ ಸಾಗುತ್ತಿದ್ದರು ಎಂಬ ಲೆಕ್ಕವನ್ನು ಬದಿಗಿಟ್ಟು ಹೊಸದಾಗಿ ಶುರುಮಾಡಿತು. ಜೀಬ್ರಾ ಪಟ್ಟಿಯಿಲ್ಲದ ಕಡೆ ಮನುಷ್ಯರು ದಾಟಬಹುದು ಎಂಬ ಎಣಿಕೆಯೇ ಅದಕ್ಕಿರಲಿಲ್ಲ. ಅವೆನ್ಯೂ ರಸ್ತೆಯಲ್ಲಿ ಇಂಥ ಎಣಿಕೆ ಇಟ್ಟುಕೊಂಡವರು ಹತ್ತು ಹೆಜ್ಜೆಯೂ ಹೋಗಲಾರರು.

ಆದ್ದರಿಂದ ಹೆಸರಿಡುವ ಕೆಲಸ ಬಿಡಿ. ಒಂದೇ ಪ್ರಶ್ನೆ ಹಿಡಿಯಿರಿ: ಎಡಬದಿಯಲ್ಲಿ ನಿಂತಿರುವ ಈ ಆಟೊ ಇನ್ನು ಮೂರು ಸೆಕೆಂಡಿನಲ್ಲಿ ನಮ್ಮ ದಾರಿಗೆ ಬರುತ್ತದೆಯೇ ಇಲ್ಲವೇ? ಹಿಂದಿನಿಂದ ಬರುವ ನಿಮಗೆ ಅದರ ಮುಂಚಕ್ರ ಕಾಣುವುದಿಲ್ಲ. ಚಾಲಕನ ಬಲ ಮೊಣಕೈ, ಹೊರಗೆ ಚಾಚಿದ ಅಂಗೈ, ಹಿಂದೆ ನೋಡಲು ಹೊರಬಾಗಿದ ತಲೆ, ಇಷ್ಟು ಕಾಣುತ್ತವೆ. ಇದರ ಸೊಗಸೆಂದರೆ ನನ್ನಂಥವರು ಕುಳಿತು ಗೆರೆ ಎಳೆಯಬೇಕಾಗಿಲ್ಲ. ಆಟೊ ಬಂತೋ ಇಲ್ಲವೋ ಎಂಬ ಉತ್ತರ ಮೂರು ಸೆಕೆಂಡ್ ಮುಂದಿನ ವಿಡಿಯೊದಲ್ಲೇ ಇದೆ. (ನಮ್ಮ ಅನ್ನಕ್ಕೆ ಕಲ್ಲು ಹಾಕುವ ಸಲಹೆ. ಇರಲಿ, ನಾನು ಆ ಕೆಲಸ ಬಿಟ್ಟಾಯಿತು.)

ಪಿಸಿಯು_ಲೆಕ್ಕದವ:

ಸಂಚಾರ ಎಂಜಿನಿಯರ್ ಆಗಿ ಎರಡು ಮಾತು. ಲೇನ್ ಇಲ್ಲದ ಸಂಚಾರವನ್ನು ಶಿಸ್ತಿಲ್ಲದ್ದು ಎಂದು ತಳ್ಳಿಹಾಕಬೇಡಿ, ಅದಕ್ಕೂ ಲೆಕ್ಕವಿದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಐಆರ್‌ಸಿ 106 (1990) ನಗರ ರಸ್ತೆಗಳಲ್ಲಿ ಒಂದು ಕಾರು ಹಿಡಿಯುವ ಜಾಗವನ್ನು 1 ಎಂದಿಟ್ಟುಕೊಂಡು, ದ್ವಿಚಕ್ರ ವಾಹನಗಳ ಪಾಲು ಶೇ 5 ಇದ್ದರೆ ಒಂದೊಂದಕ್ಕೆ 0.5, ಶೇ 10 ಮತ್ತು ಮೇಲ್ಪಟ್ಟು ಇದ್ದರೆ 0.75 ಎನ್ನುತ್ತದೆ. ಆಟೊಗೆ ಅದೇ ಕ್ರಮದಲ್ಲಿ 1.2 ಮತ್ತು 2. ಸಣ್ಣ ವಾಹನ ಹೆಚ್ಚಿದಷ್ಟೂ ಪ್ರತಿಯೊಂದೂ ಹೆಚ್ಚು ಜಾಗ ತಿನ್ನುತ್ತದೆ. ಸಂಚಾರವನ್ನು ಕಂಪ್ಯೂಟರಿನಲ್ಲೇ ಓಡಿಸಿ ನೋಡುವ ಸಿಮ್ಯುಲೇಶನ್ ಬೇಕಿದ್ದರೆ ಜರ್ಮನಿಯವರ ‘ಸುಮೊ’ ತಂತ್ರಾಂಶ ಉಚಿತ. ಅದರಲ್ಲಿ ಒಂದು ಲೇನನ್ನು ಉದ್ದುದ್ದಕ್ಕೆ ಸೀಳಿ ಪಕ್ಕಪಕ್ಕದಲ್ಲಿ ವಾಹನ ಓಡಿಸುವ ಸೌಲಭ್ಯವಿದೆ.

ವರದಿಯ ಪೀಠಿಕೆಯಲ್ಲಿ ‘ಚಾಲಕರಹಿತ ಕಾರಿನಿಂದ ದಟ್ಟಣೆ ಕಡಿಮೆಯಾಗುತ್ತದೆ’ ಎಂದು ಮಾತ್ರ ಬರೆಯಬೇಡಿ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಿನ 13 ಮಂದಿಗೆ ಒಂದು ವಾರ ಬಿಟ್ಟಿ ಚಾಲಕರನ್ನು ಕೊಟ್ಟು, ಕಾರು ತಾನೇ ಓಡಿದರೆ ಜನ ಏನು ಮಾಡಿಯಾರು ಎಂದು ನೋಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಕಾರುಗಳು ಓಡಿದ ದೂರ ಶೇ 83ರಷ್ಟು ಹೆಚ್ಚಿತು. ಜಯನಗರ 4ನೇ ಬ್ಲಾಕಿನಲ್ಲಿ ಯಜಮಾನರು ಅಂಗಡಿಗೆ ಹೋದಾಗ ಪಾರ್ಕಿಂಗ್ ಸಿಗದೆ ಡ್ರೈವರ್ ಸುತ್ತು ಹೊಡೆಯುವುದನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಡಿಪೊ_ನಿವೃತ್ತ:

ತಮ್ಮಾ, ನಾನು ಸಿಟಿ ಬಸ್ ಓಡಿಸಿ ನಿವೃತ್ತನಾದವನು. ಆ ತಂಗಿ ಹೇಳಿದ ಮೊಣಕೈ ಸರಿ, ಆದರೆ ಅದು ತಡವಾಗಿ ಸಿಗುವ ಸುಳಿವು. ನಾವು ನೋಡುತ್ತಿದ್ದುದು ಆಟೊದ ಎಡಗಡೆ ಬಗ್ಗಿ ನಿಂತವರನ್ನು. ಬಾಡಿಗೆ ಮಾತಾಡುತ್ತಿದ್ದಷ್ಟು ಹೊತ್ತು ಆಟೊ ಕದಲುವುದಿಲ್ಲ. ಬಗ್ಗಿದವರು ಒಳಗೆ ಕಾಲಿಟ್ಟರೆ ಸಾಮಾನು ಎಳೆದುಕೊಳ್ಳುವವರೆಗೆ ಸಮಯವಿದೆ. ಅವರು ನೆಟ್ಟಗಾಗಿ ಒಂದು ಹೆಜ್ಜೆ ಹಿಂದೆ ಸರಿದರೆ ಬಾಡಿಗೆ ಕುದುರಲಿಲ್ಲ ಎಂದರ್ಥ. ಆಗ ಚಾಲಕ ಕನ್ನಡಿ ನೋಡುವುದಿಲ್ಲ, ಸಿಟ್ಟಿನಲ್ಲಿ ಹ್ಯಾಂಡಲ್ ತಿರುಗಿಸಿಬಿಡುತ್ತಾನೆ. ಬ್ರೇಕ್ ಮೇಲೆ ಕಾಲಿಡಬೇಕಾದ್ದು ಆಗ. ಈಗ ಆ್ಯಪ್‌ನಲ್ಲೇ ಬಾಡಿಗೆ ತೀರ್ಮಾನವಾಗುವುದರಿಂದ ಈ ದೃಶ್ಯ ಕಡಿಮೆ, ಆದರೂ ಮಾರುಕಟ್ಟೆ ಮತ್ತು ಮೆಜೆಸ್ಟಿಕ್ ಬಳಿ ಸಿಗುತ್ತದೆ.

ಕೊನೆಯ_ಸೆಮಿಸ್ಟರ್:

ಎಲ್ಲರಿಗೂ ಧನ್ಯವಾದ. ಡಿಪೊ ಅಣ್ಣನವರ ಮಾತನ್ನು ಗೈಡ್‌ಗೆ ಓದಿ ಹೇಳಿದೆ. ನಕ್ಕು, ‘ಇದನ್ನೇ ಮಾಡಿ, ಹೆಸರು ಬದಲಿಸಿ’ ಎಂದರು. ಅಕ್ಕಾ, ಇನ್ನೆರಡು ಸಂದೇಹ. ನಿಂತೇ ಇರುವ ಆಟೊಗಳೇ ಹೆಚ್ಚು, ಹೊರಡುವವು ಕಡಿಮೆ. ಹಾಗಿದ್ದಾಗ ಸದಾ ‘ಬರುವುದಿಲ್ಲ’ ಎನ್ನುವ ಯಂತ್ರಕ್ಕೂ ಒಳ್ಳೆಯ ಅಂಕ ಬರುತ್ತದಲ್ಲ? ಮುಖ, ನಂಬರ್ ಪ್ಲೇಟ್‌ಗಳನ್ನು ಏನು ಮಾಡಲಿ?

ಗೆರೆ_ಎಳೆಯುವವಳು:

ಒಳ್ಳೆಯ ಸಂದೇಹ. ಒಟ್ಟು ಅಂಕ ನೋಡಬೇಡಿ. ನಿಜವಾಗಿ ಹೊರಟ ಆಟೊಗಳಲ್ಲಿ ಎಷ್ಟನ್ನು ಹಿಡಿಯಿತು, ಸುಮ್ಮನೆ ಎಷ್ಟು ಸಲ ಹೆದರಿತು ಎಂದು ಎರಡನ್ನೂ ಬೇರೆ ಬೇರೆ ಬರೆಯಿರಿ. ಪರೀಕ್ಷೆಗೆ ಇಡುವ ವಿಡಿಯೊ ಬೇರೆಯೇ ರಸ್ತೆಯದಾಗಿರಲಿ. ಒಂದೇ ವಿಡಿಯೊದ ಅಕ್ಕಪಕ್ಕದ ಚಿತ್ರಗಳನ್ನು ಕಲಿಕೆಗೂ ಪರೀಕ್ಷೆಗೂ ಹಂಚಿದರೆ ಯಂತ್ರ ಆಟೊ ಕಲಿಯುವುದಿಲ್ಲ, ಹಿಂದಿನ ಬೇಕರಿಯ ಬೋರ್ಡು ಕಲಿಯುತ್ತದೆ. ಗಾಂಧಿ ಬಜಾರಿನಲ್ಲಿ ಕಲಿಸಿ, ಮಲ್ಲೇಶ್ವರದಲ್ಲಿ ಪರೀಕ್ಷಿಸಿ. ಕಡಲೆಕಾಯಿ ಪರಿಷೆಯ ವಾರ ಬುಲ್ ಟೆಂಪಲ್ ರಸ್ತೆಗೆ ಹೋಗಬೇಡಿ, ಅಲ್ಲಿ ಆಟೊಗೇ ಜಾಗವಿರುವುದಿಲ್ಲ.

ನಂಬರ್ ಪ್ಲೇಟ್ ಮತ್ತು ದಾರಿಹೋಕರ ಮುಖಗಳನ್ನು ಯಾರಿಗೂ ಕೊಡುವ ಮೊದಲೇ ಮಸುಕು ಮಾಡಿ. ಚಾಲಕನ ಮುಖ ಮಸುಕು ಮಾಡುವಾಗ ತಲೆ ಎತ್ತ ತಿರುಗಿದೆ ಎಂಬುದೂ ಅಳಿಸಿಹೋಗುತ್ತದೆ. ಹಾಗಾಗಿ ತಲೆಯ ದಿಕ್ಕನ್ನು ಮೊದಲು ಗುರುತಿಸಿಟ್ಟುಕೊಂಡು ಆಮೇಲೆ ಮಸುಕು ಮಾಡಿ.