ಮರು: 'ಎನರ್ಜಿ ಹೈಟ್'ಗೆ ಕನ್ನಡ ಪದ (ನಾಳೆ ಅಚ್ಚಿಗೆ)

ಗೆಳೆಯರೇ,

ಹಾರಾಟದ ಪಾಠದ ಹಾಳೆಯೊಂದಕ್ಕೆ 'ಎನರ್ಜಿ ಹೈಟ್' ಎಂಬುದಕ್ಕೆ ಕನ್ನಡ ಪದ ಕೇಳಿದ್ದೆ, 'ಶಕ್ತಿಯೆತ್ತರ' ಆದೀತೇ ಎಂದೂ ಕೇಳಿದ್ದೆ. ಹಾಳೆ ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು. ಬೆಂಗಳೂರಿನ ಜಕ್ಕೂರಿನಲ್ಲಿ ಹಾರಾಟ ಕಲಿಯುವ, ಶಾಲೆಯನ್ನು ಕನ್ನಡದಲ್ಲಿ ಓದಿದ ಹುಡುಗ ಹುಡುಗಿಯರಿಗಾಗಿ ಬರೆದದ್ದು. ಬಂದ ಉತ್ತರಗಳೆಲ್ಲ ಅರಿಸಮಾಸದ (ಸಂಸ್ಕೃತ, ಕನ್ನಡ ಪದಗಳನ್ನು ಬೆರೆಸಿದ ಸಮಾಸದ) ಮೇಲೆಯೇ ನಿಂತಿವೆ; ವಿಷಯ ಏನೆಂದು ಯಾರೂ ನೋಡಿಲ್ಲ.

ಒಂದು ವಿಮಾನ 500 ಅಡಿ ಎತ್ತರದಲ್ಲಿ 100 ನಾಟ್ (ಗಂಟೆಗೆ ಸುಮಾರು 185 ಕಿ.ಮೀ.) ವೇಗದಲ್ಲಿದೆ. ಇನ್ನೊಂದು 700 ಅಡಿಯಲ್ಲಿ, 70 ನಾಟ್. ಮೇಲಿರುವುದೇ ಕ್ಷೇಮ ಅನ್ನಿಸುತ್ತದೆ. ವೇಗವನ್ನು ಸೆಕೆಂಡಿಗೆ ಅಡಿಗಳಲ್ಲಿ ತೆಗೆದುಕೊಂಡು ಅದರ ವರ್ಗವನ್ನು ಗುರುತ್ವ ವೇಗೋತ್ಕರ್ಷದ ಎರಡರಷ್ಟರಿಂದ ಭಾಗಿಸಿ ಎತ್ತರಕ್ಕೆ ಕೂಡಿಸಿ: ಮೊದಲನೆಯದು ಸುಮಾರು 940 ಅಡಿ, ಎರಡನೆಯದು 920ಕ್ಕೂ ಕಡಿಮೆ. ವೇಗದ ಶಕ್ತಿ, ಎತ್ತರದ ಶಕ್ತಿ ಎರಡನ್ನೂ ಅಡಿಗಳಲ್ಲಿ ಹೇಳುವ ಈ ಮೊತ್ತವೇ 'ಎನರ್ಜಿ ಹೈಟ್'. ಇದಕ್ಕೆ ಹೆಸರು ಬೇಕು. ಇಳಿಯುವ ಮುಂಚಿನ ಕೊನೆಯ ತಿರುವಿನಲ್ಲಿ ವಿಮಾನದ ಮೂತಿ ಎತ್ತಿದರೆ ಎತ್ತರದ ಮುಳ್ಳು ಏರುತ್ತದೆ, ವೇಗದ ಮುಳ್ಳು ಬೀಳುತ್ತದೆ; ಅಷ್ಟರಿಂದಲೇ ಮೊತ್ತ ಹೆಚ್ಚುವುದಿಲ್ಲ. ಈ ಮೊತ್ತ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ತೋರಿಸುವ ಮಾಪಕ ಗ್ಲೈಡರ್‌ಗಳಲ್ಲಿ ಬಹಳ ಹಿಂದಿನಿಂದ ಇದೆ. ಸಣ್ಣ ವಿಮಾನದವರಿಗೂ ಆ ಲೆಕ್ಕ ತಲೆಯಲ್ಲಿರಬೇಕು ಎಂದೇ ಈ ಹಾಳೆ.

'ಶಕ್ತ್ಯುನ್ನತಿ' ಬೇಡ. ಶಕ್ತಿ ಹೆಚ್ಚಿತು ಅಂತ ಓದಿಕೊಳ್ಳುತ್ತಾರೆ, ಅಡಿಗಳಲ್ಲಿ ಅಳೆಯುವ ಎತ್ತರ ಅಂತ ಅಲ್ಲ. 'ಊರ್ಜೆ' ಹಿಂದಿಯ ದಾರಿ. ನಮ್ಮ ಪಠ್ಯದಲ್ಲಿ ಚಲನ ಶಕ್ತಿ, ಪ್ರಚ್ಛನ್ನ ಶಕ್ತಿ ಇವೆ, ಮಕ್ಕಳು ಅದನ್ನೇ ಕಲಿತು ಬಂದಿದ್ದಾರೆ. 'ಕಸುವು' ನನಗೂ ಪ್ರೀತಿಯ ಪದ. ಆದರೆ ಅದು ಮೈಯ ತ್ರಾಣ. ಬಲ, ಸಾಮರ್ಥ್ಯ, ಶಕ್ತಿ ಮೂರೂ ಬೇರೆ ಬೇರೆ ಇರುವ ಕಡೆ ಅದನ್ನು ಯಾವುದಕ್ಕೆ ಕೊಡೋಣ?

'ಶಕ್ತಿಯೆತ್ತರ' ಅರಿಸಮಾಸ, ಒಪ್ಪಿದೆ. 'ಮಳೆಗಾಲ'ವೂ ಅದೇ. ಹಿಂದಿನ ಕವಿಗಳು ಬಳಸಿದ ಇಂಥ ಸಮಾಸಗಳಿಗೆ ಹಳಗನ್ನಡದ ವ್ಯಾಕರಣಕಾರ ಕೇಶಿರಾಜನೇ ದಾರಿ ಬಿಟ್ಟಿದ್ದಾನೆ. ಅಲ್ಲದೆ 'ಎತ್ತರ' ಹುಟ್ಟಿದ್ದು 'ಎತ್ತು'ವಿನಿಂದ, ರೆಕ್ಕೆ ಮಾಡುವುದೂ ಎತ್ತುವ ಕೆಲಸವೇ. ಇದಕ್ಕಿಂತ ಹೊಂದುವ ಪದ ನನಗೆ ಕಾಣುತ್ತಿಲ್ಲ.

ಹಾಳೆಯ ಇನ್ನೊಂದು ಪದ 'ಸ್ಟಾಲ್'ಗೆ 'ಸ್ಥಗಿತ' ಎಂದವರು ದಯವಿಟ್ಟು ಹಿಂದೆಗೆದುಕೊಳ್ಳಿ. ಎಂಜಿನ್ ನಿಂತಿತು ಅಂತ ಅರ್ಥ ಬರುತ್ತದೆ. ಸ್ಟಾಲ್ ಆದಾಗ ಎಂಜಿನ್ ಚೆನ್ನಾಗಿ ಓಡುತ್ತಿರಬಹುದು. ಎದುರು ಗಾಳಿಗೆ ರೆಕ್ಕೆಯ ಕೋನ ಮಿತಿ ಮೀರಿ, ಹರಿವು ಮೇಲ್ಮೈ ಬಿಟ್ಟು, ಎತ್ತುವ ಬಲ ಕುಸಿದಿರುತ್ತದೆ. ಪಕ್ಕದ ಸೀಟಿನ ಬೋಧಕರು ಕೂಗುವುದು 'ಸ್ಟಾಲ್' ಎಂದೇ. ಆಗ ಕಲಿಯುವ ಹುಡುಗಿ ತಕ್ಷಣ ಮೂತಿ ಇಳಿಸಬೇಕು, ಪದದ ಅರ್ಥ ಹುಡುಕುತ್ತಾ ಕೂರಬಾರದು. ಅದು ಸ್ಟಾಲ್ ಆಗಿಯೇ ಇರುತ್ತದೆ. ಎರವಲು ಪದಗಳ ಜಗಳ ಬೇಕಾದವರು ಬೇರೆ ಎಳೆ ತೆರೆಯಿರಿ.

ಉಳಿದದ್ದು ಇಷ್ಟೇ: ಯಕಾರ ತಂದು 'ಶಕ್ತಿಯೆತ್ತರ' ಎಂದು ಕೂಡಿಸಲೋ, ನಡುವೆ ಗೆರೆ ಹಾಕಿ 'ಶಕ್ತಿ-ಎತ್ತರ' ಎಂದು ಬಿಡಿಸಲೋ? ರಾತ್ರಿ 10ರೊಳಗೆ ತಿಳಿಸಿ.