ಮರುಭೂಮಿಯಲ್ಲಿ ಹೇರುಗತ್ತೆಯೊಂದಿಗೆ ದೂರದ ಕಾಲ್ನಡಿಗೆ: ಬಾಡಿಗೆಯೋ, ಖರೀದಿಯೋ? ಅನುಭವ ಇರುವವರು ತಿಳಿಸಿ

ಸೋಮವಾರಪೇಟೆ (ಪ್ರಶ್ನೆ ಕೇಳಿದವರು):
ಎಲ್ಲರಿಗೂ ನಮಸ್ಕಾರ. ಈ ವರ್ಷ ತೋಟವನ್ನು ಗುತ್ತಿಗೆಗೆ ಕೊಟ್ಟಿರುವುದರಿಂದ ಕೊಯ್ಲಿನ ತಿಂಗಳುಗಳಲ್ಲಿ ನನಗೆ ಬಿಡುವಿದೆ. ಡಿಸೆಂಬರಿನಲ್ಲಿ ರಾಜಸ್ಥಾನದ ಓಸಿಯಾನ್‌ನಿಂದ ಹೊರಟು ಫಲೋದಿ, ರಾಮ್‌ದೇವ್ರಾ, ಪೋಖರಣ್ ದಾಟಿ ಜೈಸಲ್ಮೇರ್‌ವರೆಗೆ ನಡೆಯಬೇಕೆಂದಿದ್ದೇನೆ. ಎಡ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿದೆ. ಎಂಟು ಕಿಲೋಗಿಂತ ಹೆಚ್ಚು ಹೊರಬಾರದು ಎಂದು ವೈದ್ಯರು ಹೇಳಿದ್ದಾರೆ. ಆದ್ದರಿಂದ ಹೇರಿಗೆ ಒಂದು ಕತ್ತೆ ಬೇಕು. ಒಟ್ಟು ಒಂದೂವರೆ ಲಕ್ಷ ರೂಪಾಯಿ ಇಟ್ಟುಕೊಂಡಿದ್ದೇನೆ. ಕತ್ತೆಯನ್ನು ಅಲ್ಲಿಯೇ ಬಾಡಿಗೆಗೆ ಪಡೆಯುವುದು ಒಳ್ಳೆಯದೋ, ಕೊಂಡು ಕೊನೆಗೆ ಮಾರುವುದು ಒಳ್ಳೆಯದೋ? ನನ್ನ ಪ್ರಶ್ನೆ ಇಷ್ಟೇ.

ಗೋಣಿಕೊಪ್ಪ (ನಿವೃತ್ತ ಹವಾಲ್ದಾರ್):
ಕತ್ತೆಯ ವಿಚಾರ ಬಿಟ್ಟುಬಿಡಿ. ಹೇಸರಗತ್ತೆ ತೆಗೆದುಕೊಳ್ಳಿ. ಸೇನೆಯ ಪ್ರಾಣಿ ಸಾರಿಗೆ ಘಟಕದಲ್ಲಿ ನನ್ನ ಯೌವನವೆಲ್ಲ ಹೇಸರಗತ್ತೆಗಳ ಹಗ್ಗ ಹಿಡಿದೇ ಕಳೆಯಿತು. 1965ರ ಹೇರು ಪ್ರಾಣಿಗಳ ನಿಯಮದ ಪ್ರಕಾರ ಕತ್ತೆಯ ಮೇಲೆ 50 ಕಿಲೋ, ತಟ್ಟುವಿನ (ಸಣ್ಣ ಕುದುರೆಯ) ಮೇಲೆ 70, ಹೇಸರಗತ್ತೆಯ ಮೇಲೆ 200 ಕಿಲೋವರೆಗೆ ಹೇರಬಹುದು. ಕಾಗದದ ಮೇಲೆ 200 ಇದ್ದರೂ ಗುಡ್ಡದ ದಾರಿಯಲ್ಲಿ ನಾವು ಎಪ್ಪತ್ತರ ಆಸುಪಾಸಿನಲ್ಲೇ ನಿಲ್ಲಿಸುತ್ತಿದ್ದೆವು. ಜೀನಿನ ಕೆಳಗೆ ಕಂಬಳಿಯನ್ನು ಮಡಿಸುವ ವಿಧಾನ ಒಂದನ್ನು ಕಲಿಯಲೇ ನನಗೆ ಒಂದು ಚಳಿಗಾಲ ಹಿಡಿಯಿತು. ಮಡಿಕೆ ಬೆನ್ನುಮೂಳೆಯ ಮೇಲೆ ಬಂದರೆ ಸಂಜೆಗೆ ಊತ, ಮರುದಿನ ಗಾಯ, ಮೂರನೆಯ ದಿನ ಹೇರನ್ನು ನೀವೇ ಹೊರಬೇಕು. ಜೀನು ಬಿಚ್ಚಿದ ಮೇಲೆ ಬೆವರು ಆರುವವರೆಗೆ ಬೆನ್ನನ್ನು ಕೈಯಿಂದ ತಟ್ಟಬೇಕು. ಇಂದಿನವರಿಗೆ ಇದನ್ನೆಲ್ಲ ಹೇಳಿದರೆ ನಗುತ್ತಾರೆ.

ಇನ್ನೊಂದು ಮಾತು. ಕೊಯ್ಲಿನ ಸಮಯದಲ್ಲಿ ತೋಟ ಬಿಟ್ಟು ಹೋಗುವವರನ್ನು ನಾನು ಈಗಷ್ಟೇ ನೋಡುತ್ತಿದ್ದೇನೆ.

ವಿರಾಜಪೇಟೆ (ಶಿಕ್ಷಕಿ):
ಹವಾಲ್ದಾರ್ ಸಾಹೇಬರು ಹೇಳಿದ್ದು ಹಿಮದ ನಾಡಿನ ಮಾತು. ನಾನು ನಡೆದದ್ದು ಗುಜರಾತಿನ ಸಣ್ಣ ರಣ್ ಎಂಬ ಉಪ್ಪುನೆಲದ ಅಂಚಿನಲ್ಲಿ, ಕತ್ತೆಗಳೊಂದಿಗೆ. ಹೇಸರಗತ್ತೆಯೊಂದಿಗೆ ಅಲ್ಲ.

ಕಾರ್ತಿಕ ಹುಣ್ಣಿಮೆಗೆ ಸಾಬರಮತಿಯ ದಡದಲ್ಲಿ ನಡೆಯುವ ವೌಠಾ ಜಾತ್ರೆಗೆ ಹೋದೆ. ಸಾವಿರಾರು ಕತ್ತೆಗಳು ಮಾರಾಟಕ್ಕೆ ಬರುತ್ತವೆ. ಬೆನ್ನಿನ ಮೇಲೆ ಗುಲಾಬಿ, ಹಸಿರು ಬಣ್ಣ ಬಳಿದಿರುತ್ತಾರೆ. ಬಣ್ಣದ ಕೆಳಗೆ ಹಳೆಯ ಜೀನುಗಾಯ ಇದೆಯೇ ಎಂದು ಕೂದಲು ಬಿಡಿಸಿ ನೋಡಲೇಬೇಕು. ಹಾಲಾರಿ ತಳಿಯ ಬಿಳಿ ಕತ್ತೆ ಬೇಕೆಂದಿದ್ದೆ, ಬೆಲೆ ಕೇಳಿ ಹಿಂದೆ ಸರಿದೆ. ಕೊನೆಗೆ ಬೂದು ಬಣ್ಣದ ಒಂದು ಹೆಣ್ಣನ್ನು ಆರಿಸಿದೆ. ಹತ್ತು ಹೆಜ್ಜೆ ನಡೆದು ನಿಂತಿತು. ಜೊತೆಯ ಕತ್ತೆಯನ್ನು ಬಿಟ್ಟು ಬರಲೊಲ್ಲದು. ಮಾರುವವನು ನಗುತ್ತಾ ಎರಡನೆಯದರ ಬೆಲೆ ಏರಿಸಿದ. ಎರಡಕ್ಕೂ ಸೇರಿ 46,000. ಒಂದನ್ನು ಕೊಳ್ಳಲು ಹೋಗುವವರು ಎರಡರ ಹಣ ಇಟ್ಟುಕೊಂಡೇ ಹೋಗಿ.

ಗ್ಲಾಂಡರ್ಸ್ ರೋಗದ ಪರೀಕ್ಷೆಗೆ ಕತ್ತೆಗಳ ರಕ್ತ ಕೊಡಿಸಿದೆ. ಜಾತ್ರೆಯಲ್ಲಿ ಎಲ್ಲರೂ ನನ್ನನ್ನು ಹುಚ್ಚಿಯಂತೆ ನೋಡಿದರು. ಮನುಷ್ಯರಿಗೂ ಹರಡುವ ರೋಗ ಅದು. ಸೋಂಕು ದೃಢಪಟ್ಟ ಪ್ರಾಣಿಯನ್ನು ಕೊಲ್ಲಲೇಬೇಕು. ಫಲಿತಾಂಶ ಬರುವವರೆಗೆ ವಸತಿಗೆ, ಮೇವಿಗೆ 5,200. ಬಡಗಿಯಿಂದ ಮರದ ಜೀನು ಮಾಡಿಸಿದ್ದು 3,800. ಜೀನಿನ ಕೆಳಗೆ ಹಾಕುವ ನಮ್ದಾ (ಒತ್ತಿದ ಉಣ್ಣೆಯ ಹಾಸು) 1,150. ಎರಡೂ ಬದಿಯ ಚೀಲಗಳನ್ನು ತೂಗಲು ಕೊಕ್ಕೆಯ ತಕ್ಕಡಿ 240. ಈ ತಕ್ಕಡಿಯನ್ನು ಯಾರೂ ಪಟ್ಟಿಯಲ್ಲಿ ಬರೆಯುವುದಿಲ್ಲ. ಒಂದು ಬದಿ ಅರ್ಧ ಕಿಲೋ ಹೆಚ್ಚಾದರೂ ಜೀನು ಮಧ್ಯಾಹ್ನದ ಹೊತ್ತಿಗೆ ವಾಲಿರುತ್ತದೆ.

ಹೊಟ್ಟೆಪಟ್ಟಿಯ ಕೆಳಗೆ ಭುರುಟ್ ಹುಲ್ಲಿನ ಮುಳ್ಳುಕಾಯಿ ಸೇರಿ ಎರಡು ಕಡೆ ಹುಣ್ಣಾಯಿತು. ಪ್ರತಿ ಬೆಳಗ್ಗೆ ಪಟ್ಟಿ ಬಿಗಿಯುವ ಮುನ್ನ ಬೆರಳಿನಿಂದ ಸವರಿ ಒಂದೊಂದೇ ಮುಳ್ಳು ಕೀಳುತ್ತಿದ್ದೆ. ಕೊನೆಯಲ್ಲಿ ಎರಡನ್ನೂ 19,000ಕ್ಕೆ ಮಾರಿದೆ. ನಷ್ಟವಾಯಿತು ಎಂದು ಮನೆಯವರು ಇಂದಿಗೂ ಹಂಗಿಸುತ್ತಾರೆ. ಆ ಹಣಕ್ಕೆ ಯಾವ ಪ್ರವಾಸ ಸಂಸ್ಥೆ ಅಷ್ಟು ದೂರ ಕರೆದುಕೊಂಡು ಹೋಗುತ್ತಿತ್ತು? ಮತ್ತೆ ಹೋದರೂ ಹೀಗೆಯೇ ಹೋಗುತ್ತೇನೆ.

ಫೀನಿಕ್ಸ್ (ಊರು ಮೂರ್ನಾಡು):
ಇಲ್ಲಿ ಅಮೆರಿಕದ ಅರಿಜೋನಾದಲ್ಲಿ ನೆಲೆಸಿದ್ದೇನೆ. ಮರುಭೂಮಿ ಎಂದರೆ ಏನೆಂದು ಸ್ವಲ್ಪ ಗೊತ್ತು. ಇಲ್ಲಿನ ಕಾಡುಕತ್ತೆಗಳು ಗಣಿ ಅಗೆಯುವವರು ಬಿಟ್ಟುಹೋದ ಹೇರುಗತ್ತೆಗಳ ಸಂತತಿ. 1971ರ ಕಾಯಿದೆ ಅವಕ್ಕೆ ರಕ್ಷಣೆ ಕೊಟ್ಟಿದೆ. ಸಂಖ್ಯೆ ಹೆಚ್ಚಾದಾಗ ಸರ್ಕಾರವೇ ಹಿಡಿದು ದತ್ತು ಕೊಡುತ್ತದೆ. ಶುಲ್ಕ 125 ಡಾಲರಿನಿಂದ ಆರಂಭ. ಆದರೆ ಒಂದು ಪ್ರಾಣಿಗೆ 400 ಚದರಡಿ ಜಾಗ, ನಾಲ್ಕೂವರೆ ಅಡಿ ಎತ್ತರದ ಬೇಲಿ ತೋರಿಸಬೇಕು. ಒಂದು ವರ್ಷ ಚೆನ್ನಾಗಿ ಸಾಕಿದ ಮೇಲಷ್ಟೇ ಒಡೆತನದ ಪತ್ರ. ನನ್ನ ಬೇಲಿಗೇ ಕತ್ತೆಯ ಹದಿನೈದು ಪಟ್ಟು ಖರ್ಚಾಯಿತು.

ಇಲ್ಲಿ ಯಾರೂ ನೀರಿನ ಲೆಕ್ಕ ಹೇಳಿಲ್ಲ. ಇನ್ನೂರು ಕಿಲೋ ತೂಗುವ ಕತ್ತೆ 45-50 ಕಿಲೋ ಹೊರುತ್ತದೆ. ಬಿಸಿಲಿನಲ್ಲಿ ದಿನಕ್ಕೆ ಹದಿನೈದು ಇಪ್ಪತ್ತು ಲೀಟರ್ ಕುಡಿಯುತ್ತದೆ. ಒಂದು ಲೀಟರ್ ಎಂದರೆ ಒಂದು ಕಿಲೋ. ಎರಡು ದಿನದ ನೀರನ್ನು ಅದರ ಮೇಲೆಯೇ ಹೇರಿದರೆ ಉಳಿದದ್ದಕ್ಕೆ ಜಾಗ ಎಲ್ಲಿ? ತನ್ನ ತೂಕದ ಕಾಲುಭಾಗದಷ್ಟು ನೀರು ಕಳೆದುಕೊಂಡರೂ ಕತ್ತೆ ತಡೆಯುತ್ತದೆ, ನೀರು ಸಿಕ್ಕಾಗ ನಿಮಿಷಗಳಲ್ಲಿ ತುಂಬಿಕೊಳ್ಳುತ್ತದೆ. ತಡೆಯುತ್ತದೆ ಎಂದು ಬಾಯಾರಿಸುವುದು ಬೇರೆ ಮಾತು. ನಾನು ನಕ್ಷೆಯಲ್ಲಿ ಮೊದಲು ದನಗಳ ನೀರುತೊಟ್ಟಿಗಳನ್ನು ಗುರುತಿಸಿ, ಆಮೇಲೆ ಅವುಗಳ ನಡುವೆ ದಾರಿ ಎಳೆದೆ. ಒಣ ಹಳ್ಳದಲ್ಲಿ ನನ್ನ ಕತ್ತೆ ಕಾಲಿನಿಂದ ಮರಳು ಕೆದಕಿ ಒರತೆ ತೆಗೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಊರಿನಲ್ಲಿ ಯಾರೂ ನಂಬಲಿಲ್ಲ. 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದೇ ವಿಷಯದ ಸಂಶೋಧನೆ ಬಂದ ಮೇಲೆ ಕೊಂಡಿ ಕಳುಹಿಸಿದೆ. ಆಗಲೂ ಯಾರೂ ಉತ್ತರಿಸಲಿಲ್ಲ.

ಲಾಳ ಹೊಡೆಸಬೇಡಿ. ಕತ್ತೆಯ ಗೊರಸು ಒಣನೆಲಕ್ಕೆಂದೇ ಇರುವುದು.

ಗೋಣಿಕೊಪ್ಪ:
ಲಾಳ ಬೇಡವೇ? ಕಲ್ಲುನೆಲದಲ್ಲಿ ಲಾಳವಿಲ್ಲದ ಪ್ರಾಣಿಯನ್ನು ನಡೆಸಿದ್ದರೆ ನಮ್ಮ ಸುಬೇದಾರರು ನನ್ನನ್ನೇ ಬರಿಗಾಲಿನಲ್ಲಿ ನಡೆಸುತ್ತಿದ್ದರು. ಜೈಸಲ್ಮೇರ್ ಸುತ್ತ ಇರುವುದೆಲ್ಲ ಮರಳಲ್ಲ, ಬಹುಪಾಲು ಕಲ್ಲುಹಾಸು.

ಫೀನಿಕ್ಸ್:
ನೀವು ಜೈಸಲ್ಮೇರ್‌ನಲ್ಲಿ ಸೇವೆ ಮಾಡಿದ್ದೀರಾ ಸರ್?

ಗೋಣಿಕೊಪ್ಪ:
ರೈಲಿನಲ್ಲಿ ಹಾದುಹೋಗಿದ್ದೇನೆ. ಕಲ್ಲು ಕಾಣಲು ಅಷ್ಟು ಸಾಕು.

ಸುಂಟಿಕೊಪ್ಪ (ತೋಟಗಾರ):
ನೀವೆಲ್ಲ ಮರುಭೂಮಿಯ ಮಾತಾಡುತ್ತಿದ್ದೀರಿ. ಮೊದಲೇ ಕತ್ತೆ ತಂದು ತೋಟದಲ್ಲಿ ಪಳಗಿಸಿ ಆಮೇಲೆ ಲಾರಿಯಲ್ಲಿ ರಾಜಸ್ಥಾನಕ್ಕೆ ಒಯ್ಯೋಣ ಎಂದು ಯಾರಾದರೂ ಯೋಚಿಸುತ್ತಿದ್ದರೆ ನನ್ನ ಲೆಕ್ಕಪುಸ್ತಕ ನೋಡಿ. ಮೈಸೂರು ಕಡೆಯ ಮಡಿವಾಳರ ಕುಟುಂಬದಿಂದ ಎರಡು ಕತ್ತೆ, ತಲಾ 15,000. ಲಾರಿ 9,500. ಜೂನ್ ಬಂತು. ಕತ್ತೆಯ ಕೂದಲಿಗೆ ಕುದುರೆಯ ಕೂದಲಿನಂತೆ ನೀರು ಜಾರಿಸುವ ಜಿಡ್ಡಿಲ್ಲ, ಮಳೆ ನೇರ ಚರ್ಮಕ್ಕೆ ಇಳಿಯುತ್ತದೆ. ಬೆನ್ನಿನ ಮೇಲೆ ಹುರುಕು, ಕೂದಲು ಮುದ್ದೆಮುದ್ದೆಯಾಗಿ ಕೈಗೆ ಬರುತ್ತಿತ್ತು. ತಗಡಿನ ಕೊಟ್ಟಿಗೆ ಕಟ್ಟಿಸಿದೆ, 62,000. ನೆಲಕ್ಕೆ ಜಲ್ಲಿ ಹಾಕಿಸಿದೆ, 11,400. ಆದರೂ ಗೊರಸು ಮೆತ್ತಗಾಗಿ ಒಳಗೆ ಕೊಳೆತ ವಾಸನೆ. ಮೈಸೂರಿನಿಂದ ಗೊರಸು ಕತ್ತರಿಸುವವರನ್ನು ಕರೆಸಿದರೆ ಒಂದು ಸಲಕ್ಕೆ 3,500, ಬಸ್ಸಿನ ಖರ್ಚು ಬೇರೆ. ಆರೆಂಟು ವಾರಕ್ಕೊಮ್ಮೆ ಕರೆಸಲೇಬೇಕು. ಜಿಗಣೆಗಳ ವಿಚಾರ ಹೇಳುವುದೇ ಬೇಡ.

ನಮ್ಮ ಹಸಿ ಹುಲ್ಲು ತಿಂದು ಎರಡೂ ಕೊಬ್ಬಿದವು, ಕುತ್ತಿಗೆಯ ಮೇಲೆ ಕೊಬ್ಬಿನ ದಿಂಡು ಬಂತು. ಕತ್ತೆಗೆ ಒಣಹುಲ್ಲೇ ಆಹಾರ. ಕೊಡಗಿನ ಮಳೆಗಾಲದಲ್ಲಿ ಒಣಹುಲ್ಲನ್ನು ಒಣಗಿಸಿಡುವವರು ಯಾರು? ಹಿರಿಯದು ಸತ್ತಿತು. ಮರುದಿನದಿಂದ ಕಿರಿಯದು ಮೇವು ಮುಟ್ಟಲಿಲ್ಲ. ಬಂದ ವೈದ್ಯರು ದನಕ್ಕೆ ಹೇಳುವಂತೆ ಎರಡು ದಿನ ಕಾದು ನೋಡಿ ಎಂದರು. ಮೇವು ಬಿಟ್ಟ ಕತ್ತೆಯ ರಕ್ತದಲ್ಲಿ ಕೊಬ್ಬು ಏರುತ್ತದೆ, ಯಕೃತ್ತು ಕೆಡುತ್ತದೆ, ಎರಡು ದಿನ ಕಾಯುವಂತಿಲ್ಲ. ನಾನು ಕಾಯಲಿಲ್ಲ. ಬೆಲ್ಲದ ನೀರು, ಗಂಜಿ ಕುಡಿಸುತ್ತಾ ಬೇರೆ ವೈದ್ಯರನ್ನು ಮೈಸೂರಿನಿಂದ ಕರೆಸಿದೆ. ಬದುಕಿತು. ಅದರ ಬಿಲ್ಲು ಇಲ್ಲಿ ಬರೆದರೆ ನನ್ನ ಹೆಂಡತಿ ಓದುತ್ತಾಳೆ.

ಕುಶಾಲನಗರ:
ಒಂಟೆ. ನಿಯಮದಲ್ಲಿಯೇ 250 ಕಿಲೋ ಇದೆ. ಥಾರ್‌ಗೆ ಹೋಗಿ ಕತ್ತೆ ಹುಡುಕುವುದೇಕೆ?

ವಿರಾಜಪೇಟೆ:
ಒಂಟೆ ಕೂತಾಗ ಹೇರು ಕಟ್ಟಿ, ಎದ್ದಾಗ ಅದು ಬಿದ್ದು, ಮತ್ತೆ ಕೂರಿಸಿ ಕಟ್ಟಿದ್ದೀರಾ? ಕತ್ತೆಯ ಬೆನ್ನು ನನ್ನ ಎದೆಯ ಎತ್ತರ. ಒಬ್ಬಳೇ ಹೇರು ಕಟ್ಟಬಲ್ಲೆ. ಮೇಲಾಗಿ ರಾಜಸ್ಥಾನದಲ್ಲಿ ಒಂಟೆಗೆ 2015ರಿಂದ ಬೇರೆ ಕಾಯಿದೆಯೇ ಇದೆ, ಅನುಮತಿ ಇಲ್ಲದೆ ರಾಜ್ಯದಿಂದ ಹೊರಗೆ ಒಯ್ಯುವಂತಿಲ್ಲ.

ಕುಶಾಲನಗರ:
ಅವರು ರಾಜ್ಯದ ಒಳಗೇ ನಡೆಯುತ್ತಿದ್ದಾರೆ, ಮೇಡಂ.

ಸುಂಟಿಕೊಪ್ಪ:
ಬದುಕಿದ ಕತ್ತೆ ಈಗ ಆಡುಗಳ ಜೊತೆ ಇದೆ. ಯಾರಿಗಾದರೂ ಬೇಕೇ?

ನಾಪೋಕ್ಲು:
ಹಾಲು ಕೊಡುತ್ತದೆಯೇ? ಕತ್ತೆಯ ಹಾಲಿಗೆ ಈಗ ಲೀಟರಿಗೆ ಸಾವಿರಗಟ್ಟಲೆ ಬೆಲೆ ಎಂದು ಓದಿದೆ. ಕೊಡಗಿನಲ್ಲಿ ಒಂದು ಫಾರಂ ಮಾಡಿದರೆ ಹೇಗೆ?

ಸುಂಟಿಕೊಪ್ಪ:
ನನ್ನ ಇಡೀ ಬರಹ ಓದಿದ ಮೇಲೂ ಈ ಪ್ರಶ್ನೆಯೇ? ದಿನಕ್ಕೆ ಒಂದು ಲೀಟರ್ ಸಿಕ್ಕರೆ ಪುಣ್ಯ, ಅದೂ ಮರಿ ಜೊತೆಯಲ್ಲಿದ್ದರೆ. ಸಾವಿರಗಟ್ಟಲೆ ಕೊಟ್ಟು ಕೊಳ್ಳುವವರ ಒಂದು ಹೆಸರು ಹೇಳಿ. ಫಾರಂ ಎಂದು ಮುಂಗಡ ಕೇಳುವವರ ಹೆಸರು ಬೇಕಾದರೆ ನಾನು ಹತ್ತು ಕೊಡುತ್ತೇನೆ.

ನಾಪೋಕ್ಲು:
ಕೇಳಿದ್ದಕ್ಕೇ ಇಷ್ಟು ಸಿಟ್ಟೇ? ನಮ್ಮ ಹಿರಿಯರು ಮಲಯಾಳ ಸೀಮೆಗೆ ಅಕ್ಕಿ ಒಯ್ದು ಉಪ್ಪು ತಂದದ್ದು ಹೇರೆತ್ತುಗಳ ಮೇಲೆ. ಪಾಡಿ ಇಗ್ಗುತ್ತಪ್ಪನ ಸನ್ನಿಧಿಗೆ ಇಂದಿಗೂ ಎತ್ತಿನ ಬೆನ್ನಿನ ಮೇಲೆ ಅಕ್ಕಿ ಹೇರಿ ತರುತ್ತಾರೆ. ಈ ನೆಲಕ್ಕೆ ಒಗ್ಗುವ ಪ್ರಾಣಿ ಎತ್ತು. ಕತ್ತೆ ತಂದವರದ್ದೇ ಮೊದಲು ಅಸಂಬದ್ಧ.

ಸುಂಟಿಕೊಪ್ಪ:
2018ರಲ್ಲಿ ಗುಡ್ಡ ಕುಸಿದು ರಸ್ತೆಗಳು ಹೋದಾಗ ನಿಮ್ಮ ಎತ್ತುಗಳು ಎಲ್ಲಿದ್ದವು? ಮೆಣಸಿನ ಮೂಟೆಗಳನ್ನು ನಾವು ತಲೆಯ ಮೇಲೆ ಹೊತ್ತೆವು. ಆಗಲೇ ನಾನು ಕತ್ತೆ ತರುವ ನಿರ್ಧಾರ ಮಾಡಿದ್ದು. ನಿರ್ಧಾರ ಸರಿಯಾಗಿಯೇ ಇತ್ತು, ಮಳೆ ಸರಿಯಿರಲಿಲ್ಲ.

ಸೋಮವಾರಪೇಟೆ:
ಎಲ್ಲರಿಗೂ ಧನ್ಯವಾದ. ಬಾಡಿಗೆಯ ಬಗ್ಗೆ ಯಾರಾದರೂ...?

ಮಡಿಕೇರಿ:
ಫಲೋದಿ ಕಡೆಯ ಕುಂಬಾರರು ನನಗೆ ಬಾಡಿಗೆಗೆ ಕೊಟ್ಟರು. ಕತ್ತೆಯ ಜೊತೆ ಯಜಮಾನನ ಮಗನೂ ಬರುತ್ತಾನೆ, ಅವನ ಊಟ, ಹಿಂತಿರುಗುವ ದಿನಗಳ ಕೂಲಿ ನಿಮ್ಮದೇ. ನೀರಿನ ಟಾಂಕಾ (ಮಳೆನೀರು ಕೂಡಿಡುವ ನೆಲದಡಿಯ ತೊಟ್ಟಿ) ಯಾರದು, ಯಾರನ್ನು ಕೇಳಿ ಸೇದಬೇಕು ಎಂಬುದು ಅವನಿಗೆ ಗೊತ್ತಿರುತ್ತದೆ. ಮೊಣಕಾಲು ಕೈಕೊಟ್ಟರೆ ಕತ್ತೆಯನ್ನು ಏನು ಮಾಡುವುದೆಂಬ ಚಿಂತೆಯೂ ಇರುವುದಿಲ್ಲ. ಪೋಖರಣ್ ದಾಟಿದ ಮೇಲೆ ಗಡಿಯ ಕಡೆ ಹೊರಳಬೇಡಿ, ಅಲ್ಲಿ ಅನುಮತಿ ಬೇಕಾಗುವ ಪ್ರದೇಶಗಳಿವೆ.

ಫೀನಿಕ್ಸ್:
ಯಜಮಾನನ ಮಗನನ್ನು ಕರೆದುಕೊಂಡು ಹೋದರೆ ಅದು ಪ್ರವಾಸವಾಯಿತು, ಕಾಲ್ನಡಿಗೆಯಾಗಲಿಲ್ಲ. ಕೊಲರಾಡೋದಲ್ಲಿ 1949ರಿಂದ ಹೇರುಗತ್ತೆಗಳ ಓಟ ನಡೆಯುತ್ತಿದೆ. ಕತ್ತೆಯ ಮೇಲೆ ಗುದ್ದಲಿ, ಸಲಿಕೆ, ಚಿನ್ನ ತೊಳೆಯುವ ಬಾಣಲೆ ಸೇರಿ 33 ಪೌಂಡ್ ಹೇರಿ, ಹಗ್ಗ ಹಿಡಿದು ಪಕ್ಕದಲ್ಲಿ ಓಡಬೇಕು, ಏರಿ ಕೂರುವಂತಿಲ್ಲ. ಸಂಬಂಧ ಎಂದರೆ ಅದು.

ಮಡಿಕೇರಿ:
ಅವರು ಕೇಳಿದ್ದು ಸಂಬಂಧವನ್ನಲ್ಲ.

ವಿರಾಜಪೇಟೆ:
ಬೇಲಿಗೆ ಹದಿನೈದು ಪಟ್ಟು ಸುರಿದವರು ಕುಂಬಾರರ ಹುಡುಗನ ಕೂಲಿಗೆ ಮುಖ ಸಿಂಡರಿಸುವುದು ಚೆಂದ. ಆದರೂ ಬಾಡಿಗೆಯ ಜೀನನ್ನು ಒಪ್ಪಿಕೊಳ್ಳಬೇಡಿ. ಅವರದ್ದು ಇಟ್ಟಿಗೆ ಹೊರುವ ಗೋಣಿಯ ಮಡಿಕೆ, ಬೆನ್ನುಮೂಳೆಗೆ ಗಾಳಿಯಾಡುವುದಿಲ್ಲ. ನನ್ನ ಮರದ ಜೀನು ಅಟ್ಟದ ಮೇಲಿದೆ. ಕೊಡುವುದಿಲ್ಲ, ಅಳತೆ ಬೇಕಾದರೆ ಕೊಡುತ್ತೇನೆ.

ಗೋಣಿಕೊಪ್ಪ:
ಮರದ ಜೀನಿಗೆ ಯಾವ ಗಂಟು ಹಾಕಿದಿರಿ ಮೇಡಂ? ಜೀನು ವಾಲಿತು ಎಂದಿರಲ್ಲ, ಅದು ತಕ್ಕಡಿಯ ವಿಚಾರವಲ್ಲ, ಹಗ್ಗದ ವಿಚಾರ.

ವಿರಾಜಪೇಟೆ:
ನನ್ನ ಜೀನು ವಾಲಿತು ಎಂದು ನಾನು ಬರೆದಿಲ್ಲ. ತೂಗದಿದ್ದರೆ ವಾಲುತ್ತದೆ ಎಂದು ಬರೆದೆ. ಕನ್ನಡ ಓದಲು ಬರುತ್ತದೆ ತಾನೇ?

ಗೋಣಿಕೊಪ್ಪ:
ಭಾನುವಾರ ಮಧ್ಯಾಹ್ನದ ಮೇಲೆ ಮನೆಯಲ್ಲಿರುತ್ತೇನೆ. ಸುಂಟಿಕೊಪ್ಪದವರು ತಮ್ಮ ಕತ್ತೆಯನ್ನು ಜೀಪಿನಲ್ಲಿ ತರಲಿ, ಮೇಡಂ ಜೀನು ತರಲಿ. ಗಂಟು ನಾನು ತೋರಿಸುತ್ತೇನೆ. ನೈಲಾನ್ ಹಗ್ಗ ತಂದವರನ್ನು ಗೇಟಿನ ಒಳಗೆ ಬಿಡುವುದಿಲ್ಲ.

ಸುಂಟಿಕೊಪ್ಪ:
ಜೀಪಿನ ಡೀಸೆಲ್ ಯಾರು ಕೊಡುತ್ತಾರೆ?