ಕುಡಿಯಲು ಕಪ್ ಕೊಡದ 30 ಕಿ.ಮೀ. ಟ್ರೇಲ್ ಓಟಕ್ಕೆ ಎಷ್ಟು ನೀರು ಹೊತ್ತುಕೊಳ್ಳಬೇಕು?

ಹೇಮಾವತಿ_ತೀರ:

ಎಲ್ಲರಿಗೂ ನಮಸ್ಕಾರ. ನಾನು ಹಾಸನದವಳು. ರಸ್ತೆಯಲ್ಲಿ 10 ಕಿ.ಮೀ., ಹಾಫ್ ಮ್ಯಾರಥಾನ್ ಓಡಿ ಅಭ್ಯಾಸ ಇದೆ. ಈಗ ಮೊದಲ ಸಲ ಚಿಕ್ಕಮಗಳೂರು ಕಡೆ ಕಾಫಿ ತೋಟಗಳ ಒಳಗೆ ನಡೆಯುವ 30 ಕಿ.ಮೀ. ಟ್ರೇಲ್ ಓಟಕ್ಕೆ ಹೆಸರು ಕೊಟ್ಟಿದ್ದೇನೆ. ನಿಯಮಗಳಲ್ಲಿ ಒಂದು ಸಾಲು ದಪ್ಪ ಅಕ್ಷರದಲ್ಲಿದೆ: ಏಡ್ ಸ್ಟೇಷನ್‌ನಲ್ಲಿ (ದಾರಿಯಲ್ಲಿ ನೀರು ಕೊಡುವ ಜಾಗ) ಕಪ್ ಇರುವುದಿಲ್ಲ, ಬಾಟಲಿ ನೀವೇ ತರಬೇಕು. ಒಂದು ಸ್ಟೇಷನ್‌ನಿಂದ ಇನ್ನೊಂದಕ್ಕೆ 6ರಿಂದ 8 ಕಿ.ಮೀ. ಅಂತರ ಇದೆಯಂತೆ.

ರಸ್ತೆ ಓಟದಲ್ಲಿ ಎರಡು ಎರಡೂವರೆ ಕಿ.ಮೀ.ಗೆ ಒಂದು ಟೇಬಲ್ ಸಿಗುತ್ತದೆ. ಕಪ್ ಎತ್ತಿಕೊಂಡು ಎರಡು ಗುಟುಕು ಕುಡಿದು ಮುಂದೆ ಹೋಗುವುದೇ ರೂಢಿ, ನೀರಿನ ಬಗ್ಗೆ ಯೋಚನೆ ಮಾಡಿದ್ದೇ ಇಲ್ಲ. ಇಲ್ಲಿ ಹಾಗಲ್ಲ ಅಲ್ವಾ? ಅರ್ಧ ಲೀಟರ್ ಬಾಟಲಿ ಕೈಯಲ್ಲಿ ಹಿಡಿದುಕೊಂಡು ಓಡಿದರೆ ಸಾಕಾ, ಇಲ್ಲ ಬೆನ್ನಿಗೆ ಹಾಕುವ 2 ಲೀಟರ್ ಬ್ಯಾಗ್ ಬೇಕಾ? ತೋಟದ ಹಳ್ಳಗಳಲ್ಲಿ ನೀರು ತುಂಬಿಸಿಕೊಳ್ಳಬಹುದಾ? ನೀರಿಗೆ ಕಲಸುವ ಎಲೆಕ್ಟ್ರೊಲೈಟ್ (ಲವಣಗಳ) ಪುಡಿ ನಿಜವಾಗಿಯೂ ಬೇಕಾ ಅಥವಾ ಎಳನೀರು, ಮಜ್ಜಿಗೆಯಲ್ಲೇ ಆಗುತ್ತದಾ? ಇನ್ನೊಂದು ವಿಷಯ ಕೇಳಲು ಸ್ವಲ್ಪ ಮುಜುಗರ, ಆದರೂ ಕೇಳುತ್ತೇನೆ. ದಾರಿಯಲ್ಲಿ ಶೌಚಾಲಯ ಇರುವುದಿಲ್ಲ. ಜಾಸ್ತಿ ಕುಡಿದರೆ ಏನು ಮಾಡುವುದು ಅಂತ ನನ್ನ ಜೊತೆ ಬರುವವಳು ಈಗಲೇ ಹೆದರಿದ್ದಾಳೆ.

ಗಿರಿ_ಓಟ:

ನಮಸ್ಕಾರ ಮೇಡಂ. ನಾನು ಚಿಕ್ಕಮಗಳೂರಿನವನು. ವಾರದ ಕೊನೆಯಲ್ಲಿ ಗಿರಿ ಕಡೆಯೇ ನಮ್ಮ ಓಟ.

ಮೊದಲು ಕಿ.ಮೀ. ಲೆಕ್ಕ ಬಿಡಿ, ಗಂಟೆ ಲೆಕ್ಕ ಹಿಡಿಯಿರಿ. ಹಾಸನದ ಕ್ರೀಡಾಂಗಣದ ಸುತ್ತ 7 ಕಿ.ಮೀ. ಅಂದರೆ ನಿಮಗೆ ಮುಕ್ಕಾಲು ಗಂಟೆ ಇರಬಹುದು. ಇಲ್ಲಿ ತೋಟದ ಜೀಪು ದಾರಿ ಏರುವಾಗ ಎಲ್ಲರೂ ನಡೆಯುತ್ತಾರೆ, ಮುಂದೆ ಇರುವವರೂ ನಡೆಯುತ್ತಾರೆ. ಅದೇ 7 ಕಿ.ಮೀ.ಗೆ ಒಂದೂಕಾಲು ಗಂಟೆ, ಕೆಲವೊಮ್ಮೆ ಒಂದೂವರೆ ಗಂಟೆ ಆಗುತ್ತದೆ. ಅಷ್ಟು ಹೊತ್ತಿಗೆ ಅರ್ಧ ಲೀಟರ್ ಸಾಲುವುದಿಲ್ಲ, ಅದರಲ್ಲೂ 10 ಗಂಟೆ ಬಿಸಿಲಿನ ಮೇಲೆ. 2 ಲೀಟರ್ ತುಂಬಿಸಿಕೊಂಡರೆ ಸುಮ್ನೆ 2 ಕೆ.ಜಿ. ಭಾರ ಹೊತ್ತು ಏರಿದ ಹಾಗೆ. ಒಟ್ಟು 1 ಲೀಟರ್ ಹಿಡಿಯುವ ಹಾಗೆ ಎರಡು ಅರ್ಧ ಲೀಟರ್ ಸಾಫ್ಟ್ ಫ್ಲಾಸ್ಕ್ (ಅದುಮಬಹುದಾದ ಮೆತ್ತನೆ ಬಾಟಲಿ), ಅವನ್ನು ಎದೆ ಮೇಲೆ ಇಟ್ಟುಕೊಳ್ಳುವ ಜೇಬಿನ ವೆಸ್ಟ್. ನಿಮ್ಮ ಓಟಕ್ಕೆ ಇದೇ ಸರಿ ಅಂತ ನನಗೆ ಅನಿಸುತ್ತದೆ. ಆಲ್ಪ್ಸ್ ಪರ್ವತಗಳಲ್ಲಿ ನಡೆಯುವ ಯುಟಿಎಂಬಿ ಎಂಬ ದೊಡ್ಡ ಟ್ರೇಲ್ ಓಟದಲ್ಲೂ ಕಡ್ಡಾಯ ಸಾಮಾನಿನ ಪಟ್ಟಿಯಲ್ಲಿ ಕನಿಷ್ಠ 1 ಲೀಟರ್ ನೀರು ಹೊರುವ ವ್ಯವಸ್ಥೆ ಮತ್ತು 150 ಮಿ.ಲೀ. ಹಿಡಿಯುವ ಸ್ವಂತ ಕಪ್ ಕೇಳುತ್ತಾರೆ.

ಕೈಯಲ್ಲಿ ಬಾಟಲಿ ಹಿಡಿಯುವುದು ನನಗಂತೂ ಇಷ್ಟವಿಲ್ಲ. ಇಳಿಜಾರಿನಲ್ಲಿ ಸಡಿಲ ಕಲ್ಲು ಮತ್ತು ಸಿಲ್ವರ್ ಮರದ ಒಣ ಎಲೆ ಸೇರಿದ ಜಾಗದಲ್ಲಿ ಕಾಲು ಜಾರಿದರೆ ಎರಡೂ ಕೈ ಖಾಲಿ ಇರಬೇಕು.

ನಿಮಗೆ ಎಷ್ಟು ಬೇಕು ಅನ್ನುವುದನ್ನು ಮಾತ್ರ ಬೇರೆಯವರು ಹೇಳಲು ಆಗದು. ಒಬ್ಬೊಬ್ಬರ ಬೆವರು ಒಂದೊಂದು ಥರ. ಮನೆಯಲ್ಲೇ ಅಳೆಯಬಹುದು. ಓಡುವ ಮೊದಲು ಮೂತ್ರಕ್ಕೆ ಹೋಗಿ ಬಂದು, ಕಡಿಮೆ ಬಟ್ಟೆಯಲ್ಲಿ ತೂಕ ನೋಡಿ. ಒಂದೂವರೆ ಗಂಟೆ ಓಡಿ ಬಂದು ಬೆವರು ಒರೆಸಿಕೊಂಡು ಮತ್ತೆ ನೋಡಿ. 1 ಕೆ.ಜಿ. ಇಳಿದರೆ ಹತ್ತಿರ ಹತ್ತಿರ 1 ಲೀಟರ್ ಹೋಗಿದೆ ಅಂತ ಅರ್ಥ, ನಡುವೆ ಕುಡಿದದ್ದನ್ನು ಅದಕ್ಕೆ ಸೇರಿಸಬೇಕು. ಉದಾಹರಣೆಗೆ 900 ಗ್ರಾಂ ಇಳಿದು, 400 ಮಿ.ಲೀ. ಕುಡಿದಿದ್ದರೆ ಒಟ್ಟು 1.3 ಲೀಟರ್, ಗಂಟೆಗೆ ಸುಮಾರು 870 ಮಿ.ಲೀ. ಅಷ್ಟನ್ನೂ ವಾಪಸ್ ಕುಡಿಯಬೇಕಾಗಿಲ್ಲ. ಗಂಟೆಗೆ 400ರಿಂದ 800 ಮಿ.ಲೀ. ಅನ್ನುವುದು ಸಾಮಾನ್ಯವಾಗಿ ಹೇಳುವ ಅಳತೆ. ಸಣ್ಣ ಮೈಕಟ್ಟಿನವರು, ನಿಧಾನ ಓಡುವವರು ಕೆಳಗಿನ ಕಡೆ ಇರಲಿ. ಓಟದ ಕೊನೆಗೆ ದೇಹದ ತೂಕದಲ್ಲಿ 2 ಶೇಕಡಾ ಇಳಿದಿದ್ದರೆ ಗಾಬರಿ ಬೇಡ.

ಬೆಳಗ್ಗೆ ಮಂಜು ಇದೆ, ಚಳಿ ಇದೆ, ಬಾಯಾರಿಕೆ ಇಲ್ಲ ಅಂತ ಮೊದಲ ಎರಡು ಗಂಟೆ ಏನೂ ಕುಡಿಯದೆ ಹೋಗುವವರನ್ನು ಬಹಳ ಸಲ ನೋಡಿದ್ದೇನೆ. ತೋಟದ ನೆರಳಲ್ಲಿ ತೇವ ಜಾಸ್ತಿ, ಬೆವರು ಆರುವುದಿಲ್ಲ, ತೊಟ್ಟಿಕ್ಕುತ್ತದೆ. ಬೆವರು ಆರಿದರೆ ತಾನೇ ಮೈ ತಂಪಾಗುವುದು? ಹೀಗಾಗಿ ತಂಪು ಹವೆಯಲ್ಲೂ ನೀರು ಹೋಗುತ್ತಲೇ ಇರುತ್ತದೆ.

ತೋಟದ_ಗೇಟು:

ಸಕಲೇಶಪುರದಿಂದ. ನಮ್ಮದೂ ಕಾಫಿ ತೋಟ. ಓಟಗಳಲ್ಲಿ ಏಡ್ ಸ್ಟೇಷನ್ ನೋಡಿಕೊಳ್ಳುವ ಕೆಲಸಕ್ಕೂ ಹೋಗುತ್ತೇನೆ.

ಹಳ್ಳದ ನೀರು ಬೇಡವೇ ಬೇಡ. ನೋಡಲು ಕನ್ನಡಿಯ ಹಾಗೆ ಇರುತ್ತದೆ, ಅದಕ್ಕೇ ಜನ ಮೋಸ ಹೋಗುತ್ತಾರೆ. ಮೇಲಿನ ತೋಟದಲ್ಲಿ ಗೊಬ್ಬರ ಹಾಕಿರುತ್ತಾರೆ, ಔಷಧಿ ಹೊಡೆದಿರುತ್ತಾರೆ, ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದಿರುತ್ತಾರೆ. ಹಣ್ಣು ಕುಯ್ಯುವ ಕಾಲದಲ್ಲಿ ಪಲ್ಪರ್‌ನಿಂದ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಬರುವ ನೀರು ಎಲ್ಲಿ ಸೇರುತ್ತದೆ ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಇದರ ಮೇಲೆ ಮಲೆನಾಡಿನಲ್ಲಿ ಇಲಿ ಜ್ವರದ ಭಯ ಬೇರೆ. ಕೆಲವರು ಫಿಲ್ಟರ್ ಇರುವ ಬಾಟಲಿ ತರುತ್ತಾರೆ. ಅದು ಕ್ರಿಮಿ ತಡೆಯಬಹುದು, ಕರಗಿದ ರಾಸಾಯನಿಕವನ್ನು ಪೂರ್ತಿ ತಡೆಯುತ್ತದೆ ಅಂತ ನಂಬಬೇಡಿ. ತೀರಾ ನೀರು ಮುಗಿದರೆ ಲೈನ್ ಮನೆ (ತೋಟದ ಕೆಲಸದವರ ಮನೆ) ಹತ್ತಿರ ಯಾರಾದರೂ ಇದ್ದರೆ ಕೇಳಿ, ಕುಡಿಯುವ ನೀರು ಇಲ್ಲ ಅನ್ನುವವರು ನಮ್ಮ ಕಡೆ ಯಾರೂ ಇಲ್ಲ. ಹಳ್ಳದ ನೀರನ್ನು ಟೋಪಿಗೆ, ಕತ್ತಿಗೆ ಹಾಕಿಕೊಳ್ಳುವುದಾದರೂ ಕೈಕಾಲಲ್ಲಿ ಗಾಯ ಇದ್ದರೆ ಅದೂ ಬೇಡ.

ಕಪ್ ಯಾಕೆ ಕೊಡುವುದಿಲ್ಲ ಅಂತ ಕೆಲವರು ಸ್ಟೇಷನ್‌ಗೆ ಬಂದು ಜಗಳ ಆಡುತ್ತಾರೆ. ಲೆಕ್ಕ ಹಾಕಿ ನೋಡಿ. 300 ಜನ, 4 ಸ್ಟೇಷನ್, ಒಬ್ಬೊಬ್ಬರು ಎರಡೆರಡು ಕಪ್ ಅಂದರೆ 2,400 ಕಪ್ ಆಯಿತು. ಪೇಪರ್ ಕಪ್ ಅಂತ ಹೆಸರು, ಒಳಗೆ ತೆಳುವಾದ ಪ್ಲಾಸ್ಟಿಕ್ ಪದರ ಇರುತ್ತದೆ. ಮಣ್ಣಿನಲ್ಲಿ ಅದು ಕರಗುವುದಿಲ್ಲ. ಗಾಳಿಗೆ ಹಾರಿ ಕಾಫಿ ಗಿಡದ ಬುಡಕ್ಕೆ, ಅಲ್ಲಿಂದ ಹಳ್ಳಕ್ಕೆ. ಸಿಹಿ ಹತ್ತಿದ ಕಪ್ ಆದರೆ ದನ ತಿನ್ನುತ್ತದೆ. ಓಟ ಮುಗಿದ ಮೇಲೆ ಅದನ್ನೆಲ್ಲ ಹೆಕ್ಕುವವರು ತೋಟದ ಕೆಲಸದವರು. ಅವರ ದಿನದ ಕೆಲಸದ ಮೇಲೆ ಇದನ್ನೂ ಹೇರುವುದು ಸರಿಯಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ.

ಸ್ಟೇಷನ್‌ನಲ್ಲಿ ಏನಾಗುತ್ತದೆ ಅಂದರೆ, 20 ಲೀಟರ್ ಕ್ಯಾನ್, ಅದಕ್ಕೊಂದು ನಲ್ಲಿ, ಮುಂದೆ ಸಾಲು. ಬಾಯಿ ಸಣ್ಣ ಇರುವ ಫ್ಲಾಸ್ಕ್ ಆದರೆ ಅರ್ಧ ನೀರು ನೆಲಕ್ಕೆ. ಅದಕ್ಕೇ ಬಾಯಿ ಅಗಲ ಇರುವುದನ್ನೇ ತೆಗೆದುಕೊಳ್ಳಿ. ಸ್ಟೇಷನ್ ಕಾಣಿಸಿದ ಕೂಡಲೇ ಮುಚ್ಚಳ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಬನ್ನಿ. ಬಾಟಲಿ ಬಾಯಿಯನ್ನು ನಲ್ಲಿಗೆ ತಾಗಿಸಬೇಡಿ, ಹಿಂದೆ ನೂರಾರು ಜನ ಇದ್ದಾರೆ. ಕುಡಿಯುವ ನೀರನ್ನು ತಲೆಗೆ ಸುರಿದುಕೊಳ್ಳುವ ಮೊದಲು ಒಂದು ಮಾತು ಕೇಳಿ. ಆ ಕ್ಯಾನ್ ಜೀಪಿನಲ್ಲಿ ಗುಡ್ಡ ಹತ್ತಿ ಬಂದಿರುತ್ತದೆ, ಕೊನೆಯಲ್ಲಿ ಬರುವವರಿಗೂ ಉಳಿಯಬೇಕು.

ಬೇಲೂರು_ನರ್ಸ್:

ಮೇಲಿನವರು ಕಡಿಮೆ ಕುಡಿಯುವ ಬಗ್ಗೆ ಹೇಳಿದರು. ನಾನು ಜಾಸ್ತಿ ಕುಡಿಯುವ ಬಗ್ಗೆ ಹೇಳಲೇಬೇಕು, ಯಾಕಂದರೆ ಈ ಅಪಾಯ ತುಂಬಾ ಜನರಿಗೆ ಗೊತ್ತಿಲ್ಲ. ಬರೀ ನೀರನ್ನು ಲೀಟರ್‌ಗಟ್ಟಲೆ ಕುಡಿದರೆ ರಕ್ತದಲ್ಲಿ ಸೋಡಿಯಂ, ಅಂದರೆ ಉಪ್ಪಿನ ಅಂಶ, ತೆಳುವಾಗುತ್ತದೆ. ಅದು ಲೀಟರ್‌ಗೆ 135 ಮಿಲಿಮೋಲ್‌ಗಿಂತ ಕೆಳಗಿಳಿದರೆ ಹೈಪೊನೆಟ್ರೀಮಿಯಾ ಅನ್ನುತ್ತಾರೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷೆ ಮಾಡಿದಾಗ 13 ಶೇಕಡಾ ಜನರಲ್ಲಿ ಇದು ಕಂಡಿತ್ತು. ಓಟದ ನಡುವೆ ತೂಕ ಹೆಚ್ಚಿಸಿಕೊಂಡವರು, 4 ಗಂಟೆಗಿಂತ ಜಾಸ್ತಿ ಹೊತ್ತು ತೆಗೆದುಕೊಂಡವರು ಅದರಲ್ಲಿ ಜಾಸ್ತಿ. ನಿಮ್ಮ 30 ಕಿ.ಮೀ. ಟ್ರೇಲ್ 4 ಗಂಟೆ ದಾಟುವುದು ಖಂಡಿತ, ಅದಕ್ಕೇ ಹೇಳುತ್ತಿದ್ದೇನೆ. ಹೆದರಿಕೆಗೆ ಕುಡಿಯಬೇಡಿ, ಬಾಯಾರಿದಾಗ ಕುಡಿಯಿರಿ, ಸ್ವಲ್ಪ ಸ್ವಲ್ಪ ಕುಡಿಯಿರಿ.

ಲಕ್ಷಣ ಗೊತ್ತಿರಲಿ: ತಲೆನೋವು, ವಾಂತಿ, ಹೊಟ್ಟೆ ಉಬ್ಬರ, ಬೆರಳು ಊದಿ ಉಂಗುರ ಬಿಗಿಯಾಗುವುದು, ಕೊನೆಗೆ ಮಾತು ತಡವರಿಸುವುದು, ಗೊಂದಲ. ಜೊತೆಯಲ್ಲಿ ಓಡುವವರು ಎಲ್ಲಿದ್ದೇನೆ ಅಂತಲೇ ಗೊತ್ತಾಗದೆ ಮಾತಾಡಿದರೆ ನೀರು ಕುಡಿಸಲು ಹೋಗಬೇಡಿ. ಕೂರಿಸಿ, ವೈದ್ಯಕೀಯ ತಂಡವನ್ನು ಕರೆಯಿರಿ.

ಪುಡಿ ವಿಷಯ. ದುಬಾರಿ ಡಬ್ಬಿ ಬೇಕು ಅಂತಿಲ್ಲ. ಮೆಡಿಕಲ್ ಶಾಪಿನಲ್ಲಿ ಸಿಗುವ ವಿಶ್ವ ಆರೋಗ್ಯ ಸಂಸ್ಥೆ ಸೂತ್ರದ ಓಆರ್‌ಎಸ್ ಪೊಟ್ಟಣ ಸಾಕು. ಆದರೆ ಪೊಟ್ಟಣದ ಮೇಲೆ ಎಷ್ಟು ನೀರಿಗೆ ಅಂತ ಬರೆದಿರುತ್ತದೆ, ಅಷ್ಟರಲ್ಲೇ ಕಲಸಿ. 1 ಲೀಟರ್‌ನ ಪೊಟ್ಟಣವನ್ನು ಅರ್ಧ ಲೀಟರ್ ಫ್ಲಾಸ್ಕ್‌ಗೆ ಹಾಕಿದರೆ ಹೊಟ್ಟೆ ಕೆಡುತ್ತದೆ. ಟೆಟ್ರಾ ಪ್ಯಾಕ್‌ನಲ್ಲಿ ಬರುವ ಸಿಹಿ ಪಾನೀಯಗಳನ್ನು ಓಆರ್‌ಎಸ್ ಅಂತ ನಂಬಬೇಡಿ. ಸೂತ್ರಕ್ಕೆ ಹೊಂದದ ಪಾನೀಯಗಳು ಆ ಹೆಸರು ಬಳಸಬಾರದು ಅಂತ 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತೆ ನೋಡುವ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐ ಆದೇಶವನ್ನೇ ಹೊರಡಿಸಿದೆ. ಮನೆಯಲ್ಲೇ ಮಾಡುವುದಾದರೆ 1 ಲೀಟರ್ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಬೇಕಿದ್ದರೆ ನಿಂಬೆಹಣ್ಣು ಹಿಂಡಿ.

ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ಓಟ ಮುಗಿದ ಮೇಲೆ ಎಳನೀರು ಕುಡಿದು, ಜೊತೆಗೆ ಉಪ್ಪಿನ ಅಂಶ ಇರುವ ಊಟ ಮಾಡಿ. ಉಪ್ಪು ಹಾಕಿದ ನೀರು ಮಜ್ಜಿಗೆಯೂ ಆಗ ಚೆನ್ನಾಗಿರುತ್ತದೆ. ಓಡುವಾಗ ಮಜ್ಜಿಗೆ ಕೆಲವರಿಗೆ ಹುಳಿ ತೇಗು ತರುತ್ತದೆ. ಬಿಪಿ, ಕಿಡ್ನಿ ತೊಂದರೆ ಇರುವವರು ಉಪ್ಪಿನ ವಿಷಯದಲ್ಲಿ ತಮ್ಮ ಡಾಕ್ಟರನ್ನು ಮೊದಲು ಕೇಳಬೇಕು. ಮತ್ತೆ, ಮಂಡಿ ನೋವು ಅಂತ ಓಟದ ದಿನ ಐಬುಪ್ರೊಫೆನ್, ಡೈಕ್ಲೋಫೆನಾಕ್ ನುಂಗಬೇಡಿ. ನೀರು ಕಡಿಮೆ ಇರುವಾಗ ಅವು ಕಿಡ್ನಿಗೆ ಪೆಟ್ಟು ಕೊಡುತ್ತವೆ.

ಬಾಬಾಬುಡನ್_ಹಾದಿ:

ಹೇಮಾವತಿ ತೀರದವರೇ, ಶೌಚಾಲಯದ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ, ಹೆಂಗಸರಲ್ಲಿ ನಾನಾದರೂ ಹೇಳುತ್ತೇನೆ. ಹೋಗಲು ಜಾಗ ಇರುವುದಿಲ್ಲ ಅಂತ ನೀರು ಬಿಡುವುದು ನಮ್ಮಲ್ಲಿ ತುಂಬಾ ಇದೆ, ಬಸ್ ಪ್ರಯಾಣದಲ್ಲೂ ಹಾಗೇ ಮಾಡುತ್ತೇವೆ. ಓಟದಲ್ಲಿ ಹಾಗೆ ಮಾಡಬೇಡಿ ಅಂತ ನಿಮ್ಮ ಗೆಳತಿಗೆ ಹೇಳಿ. ಓಟದ ಎರಡು ಗಂಟೆ ಮೊದಲು ಒಂದು ದೊಡ್ಡ ಲೋಟ ನೀರು ಕುಡಿದು, ಹೊರಡುವ ಜಾಗದಲ್ಲಿ ಶೌಚಾಲಯಕ್ಕೆ ಹೋಗಿ ಬನ್ನಿ. ಆಮೇಲೆ ಗುಟುಕು ಗುಟುಕಾಗಿ ಕುಡಿದರೆ ಬೆವರಿಗೇ ಸರಿಹೋಗುತ್ತದೆ, ಅಷ್ಟೇನೂ ಅವಸರ ಆಗುವುದಿಲ್ಲ. ಬೇಕೇ ಬೇಕು ಅನಿಸಿದರೆ ಇಬ್ಬರೂ ಒಟ್ಟಿಗೆ ಹೋಗಿ, ಒಬ್ಬರು ಕಾವಲು. ದಾರಿಯಿಂದ ತುಂಬಾ ಒಳಗೆ ಹೋಗಬೇಡಿ, ಹಳ್ಳದಿಂದ ದೂರ ಇರಿ. ಟಿಶ್ಯೂ ಬಳಸಿದರೆ ಜಿಪ್ ಕವರ್‌ನಲ್ಲಿ ವಾಪಸ್ ತನ್ನಿ. ಏಡ್ ಸ್ಟೇಷನ್‌ನಲ್ಲಿ ಹೆಣ್ಣುಮಕ್ಕಳಿಗೆ ಮರೆ ಕಟ್ಟುತ್ತೀರಾ ಅಂತ ಆಯೋಜಕರಿಗೆ ಈಗಲೇ ಮೇಲ್ ಹಾಕಿ. ಕೇಳಿದರೆ ಮಾಡುತ್ತಾರೆ, ಕೇಳದಿದ್ದರೆ ಅವರಿಗೆ ಹೊಳೆಯುವುದೇ ಇಲ್ಲ.

ಹೇಮಾವತಿ_ತೀರ:

ಎಲ್ಲರಿಗೂ ತುಂಬಾ ಧನ್ಯವಾದ. ಮೇಲ್ ಈಗಲೇ ಹಾಕಿದೆ ಅಕ್ಕ, ಗೆಳತಿಗೂ ಇದನ್ನು ಓದಿಸುತ್ತೇನೆ. ಎರಡು ಫ್ಲಾಸ್ಕ್ ಅಂತ ತೀರ್ಮಾನ ಮಾಡಿದೆ. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಉಪ್ಪು ಸಕ್ಕರೆ ಹಾಕಿದ್ದು. ಪುಡಿಯನ್ನು ಅರ್ಧ ಲೀಟರ್‌ಗೆ ಸರಿಯಾಗಿ ಅಳೆದು ಸಣ್ಣ ಜಿಪ್ ಕವರ್‌ಗಳಲ್ಲಿ ಇಟ್ಟುಕೊಂಡರೆ ಸ್ಟೇಷನ್‌ನಲ್ಲಿ ಸುಲಭ ಅಲ್ವಾ? ಮುಂದಿನ ಭಾನುವಾರ ಗೆಂಡೆಕಟ್ಟೆ ಕಡೆ ವೆಸ್ಟ್ ಹಾಕಿಕೊಂಡು ಓಡಿ ತೂಕವನ್ನೂ ನೋಡುತ್ತೇನೆ. ಒಂದೇ ಅನುಮಾನ ಉಳಿದಿದೆ: ಫ್ಲಾಸ್ಕ್‌ನಲ್ಲಿ ನೀರು ಕುಲುಕಿ ಸದ್ದು ಮಾಡುತ್ತದಂತೆ, ಪ್ಲಾಸ್ಟಿಕ್ ವಾಸನೆಯೂ ಬರುತ್ತದಂತೆ, ಹೌದಾ?

ಗಿರಿ_ಓಟ:

ಜಿಪ್ ಕವರ್ ಸರಿ. ಮೊದಲು ಅರ್ಧ ನೀರು, ಆಮೇಲೆ ಪುಡಿ, ಆಮೇಲೆ ಉಳಿದ ನೀರು. ಪುಡಿ ಮೊದಲೇ ಹಾಕಿದರೆ ತಳದಲ್ಲಿ ಗಂಟು ಕಟ್ಟುತ್ತದೆ. ಖಾಲಿ ಕವರ್ ವೆಸ್ಟ್ ಜೇಬಿಗೇ ಹೋಗಲಿ.

ಸದ್ದು ಬರುವುದು ಒಳಗಿನ ಗಾಳಿಯಿಂದ. ಅದನ್ನು ತೆಗೆಯುವುದು ಸುಲಭ. ಮುಚ್ಚಳ ಹಾಕಿ ಫ್ಲಾಸ್ಕ್ ಅನ್ನು ನೆಟ್ಟಗೆ ಹಿಡಿದು, ಗಾಳಿ ಮೇಲೆ ಕಚ್ಚಿ ಕುಡಿಯುವ ತುದಿಗೆ ಬಂದಾಗ ಆ ತುದಿ ಕಚ್ಚಿ ಫ್ಲಾಸ್ಕ್ ಅದುಮಿ. ಗಾಳಿ ಹೋಗಿ ನೀರು ಬರಲು ಶುರುವಾದರೆ ಬಿಡಿ. ವಾಸನೆ ಹೊಸತರಲ್ಲಿ ಇರುತ್ತದೆ. ಬೆಚ್ಚಗಿನ ನೀರಿಗೆ ಅಡುಗೆ ಸೋಡಾ ಹಾಕಿ ರಾತ್ರಿ ಇಟ್ಟು ತೊಳೆದರೆ ಕಡಿಮೆ ಆಗುತ್ತದೆ, ಕುದಿಯುವ ನೀರು ಹಾಕಬೇಡಿ. ಸಕ್ಕರೆ ಹಾಕಿದ ಫ್ಲಾಸ್ಕ್ ಅನ್ನು ಓಟದ ದಿನವೇ ತೊಳೆಯಬೇಕು, ಇಲ್ಲದಿದ್ದರೆ ಕಚ್ಚುವ ತುದಿಯೊಳಗೆ ಕಪ್ಪು ಬೂಸ್ಟು ಹಿಡಿಯುತ್ತದೆ. ನಮ್ಮ ಮಳೆಗಾಲದಲ್ಲಿ ಎಷ್ಟು ಒಣಗಿಸಿದರೂ ಒಣಗುವುದಿಲ್ಲ. ನಾನು ತೊಳೆದು ಫ್ರೀಜರ್‌ನಲ್ಲಿ ಇಟ್ಟುಬಿಡುತ್ತೇನೆ.